ಆರ್ಚಿ ಲೀಚ್ ಹಡಗು ಹತ್ತಿದ್ದು: ಕ್ಯಾರಿ ಗ್ರ್ಯಾಂಟ್ ಅವರ 1920ರ ಅಮೆರಿಕ ಪಯಣ, ಪದೇ ಪದೇ ಕೇಳುವ ಪ್ರಶ್ನೆಗಳು

ಯಾರ ಪಯಣ ಇದು? ಯಾವ ಹಡಗು, ಯಾವ ದಿನ?

ಹಾಲಿವುಡ್ ನಟ ಕ್ಯಾರಿ ಗ್ರ್ಯಾಂಟ್ ಅವರದ್ದು. ಆಗಿನ್ನೂ ಆ ಹೆಸರು ಹುಟ್ಟಿರಲಿಲ್ಲ. ಇಂಗ್ಲೆಂಡಿನ ಬ್ರಿಸ್ಟಲ್ ಊರಿನ ಹಾರ್‌ಫೀಲ್ಡ್ ಬಡಾವಣೆಯಲ್ಲಿ 1904ರ ಜನವರಿ 18ರಂದು ಹುಟ್ಟಿದ ಆರ್ಚಿಬಾಲ್ಡ್ ಲೀಚ್ ಎಂಬ ಹುಡುಗ, ಬಾಬ್ ಪೆಂಡರ್ ಅವರ ಕಸರತ್ತಿನ ತಂಡದ ಜೊತೆ ಸೌತಾಂಪ್ಟನ್ ಬಂದರಿನಲ್ಲಿ ಆರ್‌ಎಂಎಸ್ ಒಲಿಂಪಿಕ್ ಹತ್ತಿದ. ಹಡಗು ಹೊರಟದ್ದು 1920ರ ಜುಲೈ 21, ನ್ಯೂಯಾರ್ಕ್ ಮುಟ್ಟಿದ್ದು ಜುಲೈ 28. ಆಗ ಅವನಿಗೆ 16 ವರ್ಷ 6 ತಿಂಗಳು.

ವಯಸ್ಸನ್ನು ಇಷ್ಟು ಕರಾರುವಾಕ್ಕಾಗಿ ಹೇಳುವುದಕ್ಕೆ ಕಾರಣವಿದೆ. ಆ ಆರು ತಿಂಗಳ ಬೆಲೆ ಏನು ಎಂಬುದು ಕೆಳಗೆ ಕಾನೂನಿನ ಪ್ರಶ್ನೆಯಲ್ಲಿ ಗೊತ್ತಾಗುತ್ತದೆ.

ಮನೆ ಬಿಟ್ಟು ಓಡಿಹೋಗಿ ಹಡಗು ಹತ್ತಿದ ಎನ್ನುತ್ತಾರಲ್ಲ, ನಿಜವೇ?

ಇಲ್ಲ. ಎರಡು ಬೇರೆ ಘಟನೆಗಳು ಜನರ ಬಾಯಲ್ಲಿ ಒಂದಾಗಿಬಿಟ್ಟಿವೆ.

ಓಡಿಹೋದದ್ದು ನಿಜ, ಆದರೆ ಅದು ಇಂಗ್ಲೆಂಡಿನ ಒಳಗೇ, ಪೆಂಡರ್ ತಂಡ ಸೇರಲಿಕ್ಕೆ. ಶಾಲೆ ಬಿಡುವ ವಯಸ್ಸು ಆಗ 14. ಅದಕ್ಕೆ ಮುಂಚೆಯೇ ಆರ್ಚಿ ತಂದೆಯ ಹೆಸರಿನಲ್ಲಿ ತಾನೇ ಕಾಗದ ಬರೆದು, ಪೆಂಡರ್ ಅವರಿಂದ ಉತ್ತರವನ್ನೂ ರೈಲಿನ ಖರ್ಚನ್ನೂ ತರಿಸಿಕೊಂಡು, ತಂಡ ಬೀಡುಬಿಟ್ಟಿದ್ದ ನಾರ್ವಿಚ್‌ಗೆ ಹೋದ. ತಂದೆ ಎಲಿಯಾಸ್ ಲೀಚ್ ಹುಡುಕಿಕೊಂಡು ಬಂದು ವಾಪಸು ಕರೆದೊಯ್ದರು. 1918ರ ಮಾರ್ಚ್‌ನಲ್ಲಿ ಫೇರ್‌ಫೀಲ್ಡ್ ಗ್ರಾಮರ್ ಶಾಲೆ ಅವನನ್ನು ಹೊರಹಾಕಿತು. ಆಮೇಲೆ ತಂದೆಯೇ ಒಪ್ಪಿ ತಂಡಕ್ಕೆ ಕಳಿಸಿದರು.

1918ರ ಆಗಸ್ಟ್ 9ರ ಕರಾರುಪತ್ರಕ್ಕೆ ಒಂದು ಕಡೆ ಪೆಂಡರ್, ಇನ್ನೊಂದು ಕಡೆ ತಂದೆ. ವಾರಕ್ಕೆ 10 ಷಿಲಿಂಗ್ ಸಂಬಳ, ಊಟ ವಸತಿ ಬಿಟ್ಟಿ, ರಂಗಕ್ಕೆ ಬೇಕಾದ ಬಟ್ಟೆಬರೆ ಸಾಮಾನು ತಂಡದ್ದೇ. ಪ್ರದರ್ಶನ ಇಲ್ಲದ ದಿನವೂ ಊಟ ವಸತಿ ತಪ್ಪುವಂತಿಲ್ಲ. ಕೆಲಸ ಕಲಿತಂತೆ ಸಂಬಳ ಏರಬೇಕು. ಹುಡುಗ 18 ತುಂಬುವವರೆಗೆ ತಂಡದಲ್ಲಿರಬೇಕು, ಇಲ್ಲವೇ ಯಾವ ಕಡೆಯವರಾದರೂ ಆರು ತಿಂಗಳ ಮುಂಚೆ ನೋಟಿಸು ಕೊಡಬೇಕು. ಪೆಂಡರ್ ಅವನಿಗೆ ನೃತ್ಯವನ್ನೂ ಕಸುಬಿಗೆ ಬೇಕಾದ ಇತರ ವಿದ್ಯೆಗಳನ್ನೂ ಕಲಿಸಬೇಕು.

ನಮ್ಮ ವೃತ್ತಿ ನಾಟಕ ಕಂಪನಿಗಳ ಬದುಕು ಬಲ್ಲವರಿಗೆ ಈ ಏರ್ಪಾಡು ಕೂಡಲೇ ಅರ್ಥವಾಗುತ್ತದೆ: ಮಾಲೀಕನೇ ಗುರು, ಬಿಡಾರವೇ ಮನೆ, ಕಲಿಕೆಯೇ ಸಂಬಳದ ಅರ್ಧ. ಹಡಗಿನ ಪಯಣವನ್ನು ಅರ್ಥಮಾಡಿಕೊಳ್ಳಲು ಮೊದಲು ಓದಬೇಕಾದದ್ದು ಈ ಕರಾರುಪತ್ರ. ಆರ್ಚಿ ಅಮೆರಿಕಕ್ಕೆ ಹೋದದ್ದು ಕಂಪನಿಯ ಕ್ಯಾಂಪು ಹೋದ ಹಾಗೆ. ಊರು ಬಿಡುವ ನಿರ್ಧಾರ ಆಮೇಲಿನದು.

ತಾಯಿ ಕಳಿಸಿಕೊಡಲು ಬಂದಿದ್ದರೇ?

ಇಲ್ಲ. ತಾಯಿ ಎಲ್ಸಿಯನ್ನು 1915ರಲ್ಲಿ ಬ್ರಿಸ್ಟಲ್‌ನ ಮಾನಸಿಕ ಆಸ್ಪತ್ರೆಗೆ ಸೇರಿಸಲಾಗಿತ್ತು. ಆಗ ಹುಡುಗನಿಗೆ 11. ವಿಶ್ರಾಂತಿಗೆಂದು ಸಮುದ್ರತೀರಕ್ಕೆ ಹೋಗಿದ್ದಾಳೆ ಎಂದು ಅವನಿಗೆ ಹೇಳಿದರು. ದಿನ ಕಳೆದಂತೆ ಆಕೆ ಬರುವುದಿಲ್ಲ ಎಂಬುದಷ್ಟೇ ಖಾತ್ರಿಯಾಯಿತು. ಆಕೆ ಬದುಕಿದ್ದಾರೆ, ಅದೂ ತಾನು ಬೆಳೆದ ಊರಲ್ಲೇ ಇದ್ದಾರೆ ಎಂದು ಅವನಿಗೆ ತಿಳಿದದ್ದು 1930ರ ದಶಕದ ನಡುವೆ, ಹೆಸರು ಮಾಡಿದ ಮೇಲೆ. ಹಡಗು ಹತ್ತುವಾಗ ಹಿಂದೆ ಬಿಟ್ಟುಹೋಗಲು ತನಗೆ ಹೆಚ್ಚೇನೂ ಇಲ್ಲ ಎಂದು ಅವನು ನಂಬಿದ್ದ. ಆ ನಂಬಿಕೆಯೇ ಸುಳ್ಳಾಗಿತ್ತು. ಈ ಪಯಣದ ಅತ್ಯಂತ ನೋವಿನ ಸಂಗತಿ ಇದು.

ತಂಡದಿಂದ ಎಷ್ಟು ಜನ ಹೋದರು? ಆಯ್ಕೆ ಹೇಗೆ?

ಹನ್ನೆರಡು ಹುಡುಗರಲ್ಲಿ ಎಂಟು ಜನರನ್ನು ಪೆಂಡರ್ ಆರಿಸಿದರು. ತಂಡದ್ದು ಮಾತಿಲ್ಲದ ಆಟ: ಲಾಗ ಹಾಕುವುದು, ಬೀಳುವುದು, ಒಬ್ಬರ ಮೇಲೊಬ್ಬರು ಹತ್ತುವುದು, ಮೂಕಾಭಿನಯ, ಮರಗಾಲು ಕಟ್ಟಿ ನಡೆಯುವುದು.

ಮರಗಾಲಿನ ಕೆಲಸ ನೋಡುವಷ್ಟು ಸಲೀಸಲ್ಲ. ಮರಗಾಲಿನ ತುದಿ ನೆಲಕ್ಕೆ ತಾಗುವ ಜಾಗ ಅಂಗೈಯಷ್ಟೂ ಇರುವುದಿಲ್ಲ. ಪಾದದಲ್ಲಾದರೆ ಹಿಮ್ಮಡಿಯಿಂದ ಬೆರಳಿನ ಕಡೆಗೆ ಭಾರ ಜರುಗಿಸಿ ಸಮತೋಲ ಕಾಯ್ದುಕೊಳ್ಳಬಹುದು. ಇಲ್ಲಿ ಆ ಅವಕಾಶವೇ ಇಲ್ಲ. ಹಾಗಾಗಿ ಮರಗಾಲಿನವನು ಸುಮ್ಮನೆ ನಿಲ್ಲುವಂತಿಲ್ಲ. ನಿಂತಲ್ಲೇ ಸಣ್ಣ ಸಣ್ಣ ಹೆಜ್ಜೆ ಹಾಕುತ್ತಲೇ ಇರಬೇಕು. ಕಲಿಯುವವರು ಮಾಡುವ ಮೊದಲ ತಪ್ಪು ಕಾಲ ಕೆಳಗೆ ನೋಡುವುದು. ತಲೆ ಬಗ್ಗಿದರೆ ಸೊಂಟ ಹಿಂದೆ ಹೋಗುತ್ತದೆ, ಸೊಂಟ ಹಿಂದೆ ಹೋದರೆ ಮುಂದಿನ ಹೆಜ್ಜೆ ಸಿಗುವುದಿಲ್ಲ. ಮೊದಲು ಗಿಡ್ಡ ಕೋಲು, ಆಮೇಲೆ ಉದ್ದದ ಕೋಲು. ಎಲ್ಲಕ್ಕಿಂತ ಮುಂಚೆ ಬೀಳುವುದನ್ನು ಕಲಿಯಬೇಕು.

ಮುಂದೆ ಪರದೆಯ ಮೇಲೆ ಎಡವಿ, ಜಾರಿ, ಲಾಗ ಹಾಕಿಯೂ ಸೂಟಿನ ಇಸ್ತ್ರಿ ಕೆಡದ ಆ ಮೈಕಟ್ಟು ತಯಾರಾದದ್ದು ಈ ಗರಡಿಯಲ್ಲಿ.

ಒಲಿಂಪಿಕ್ ಅಂದರೆ ಟೈಟಾನಿಕ್ ತಂಗಿಯೇ? ಭಯವಿರಲಿಲ್ಲವೇ?

ತಂಗಿಯಲ್ಲ, ಅಕ್ಕ. ಬೆಲ್‌ಫಾಸ್ಟ್‌ನ ಹಾರ್ಲ್ಯಾಂಡ್ ಅಂಡ್ ವೋಲ್ಫ್ ಕಾರ್ಖಾನೆಯಲ್ಲಿ ಎರಡನ್ನೂ ಅಕ್ಕಪಕ್ಕದಲ್ಲೇ ಕಟ್ಟಿದರು. ಒಲಿಂಪಿಕ್ ನೀರಿಗಿಳಿದದ್ದು 1910ರ ಅಕ್ಟೋಬರ್ 20ರಂದು. ಮೊದಲ ಪಯಣ ಹೊರಟದ್ದು 1911ರ ಜೂನ್ 14ರಂದು. ಉದ್ದ ಸುಮಾರು 882 ಅಡಿ. ನಾಲ್ಕು ಹೊಗೆಕೊಳವೆಗಳಲ್ಲಿ ಬಾಯ್ಲರ್ ಹೊಗೆ ಹೋಗುತ್ತಿದ್ದುದು ಮೂರರಲ್ಲಿ ಮಾತ್ರ. ನಾಲ್ಕನೆಯದು ಗಾಳಿಯಾಡಲಿಕ್ಕೆ ಇದ್ದದ್ದು.

ಟೈಟಾನಿಕ್ ಮುಳುಗಿದ ಮೇಲೆ 1912–13ರಲ್ಲಿ ಒಲಿಂಪಿಕ್‌ ಅನ್ನು ಮತ್ತೆ ಬೆಲ್‌ಫಾಸ್ಟ್‌ಗೆ ಒಯ್ದು ರಿಪೇರಿ ಮಾಡಿದರು. 20 ಇದ್ದ ಜೀವರಕ್ಷಕ ದೋಣಿಗಳು ಮೂರು ಪಟ್ಟಿಗೂ ಹೆಚ್ಚಾದವು. ಹೊರಮೈಯ ಒಳಗೆ ಇನ್ನೊಂದು ಉಕ್ಕಿನ ಪದರ ಬಂತು. ನೀರು ತಡೆಯುವ ಅಡ್ಡಗೋಡೆಗಳಲ್ಲಿ ಕೆಲವನ್ನು ಇನ್ನೂ ಎತ್ತರಕ್ಕೆ ಏರಿಸಿದರು. ಮೊದಲನೆಯ ಮಹಾಯುದ್ಧದಲ್ಲಿ ಅದು ಸೈನಿಕರನ್ನು ಸಾಗಿಸಿತು. 1918ರ ಮೇ 12ರಂದು ಯು-103 ಎಂಬ ಜರ್ಮನ್ ಜಲಾಂತರ್ಗಾಮಿಗೆ ಡಿಕ್ಕಿ ಹೊಡೆದು ಮುಳುಗಿಸಿತು. ಇಷ್ಟೆಲ್ಲ ನೋಡಿದ ಹಡಗನ್ನು 1920ರಲ್ಲಿ ಜನ ನಂಬಿಕೆಯಿಂದಲೇ ಹತ್ತುತ್ತಿದ್ದರು.

ಆರ್ಚಿಗೂ ಸೌತಾಂಪ್ಟನ್ ಹೊಸದಲ್ಲ. ಯುದ್ಧದ ಕಾಲದಲ್ಲಿ ಬೇಸಿಗೆ ರಜೆಯಲ್ಲಿ ಸ್ಕೌಟ್ ಹುಡುಗನಾಗಿ ಅದೇ ಬಂದರಿನಲ್ಲಿ ಸಂದೇಶ ಒಯ್ಯುವ, ದಾರಿ ತೋರಿಸುವ ಕೆಲಸ ಮಾಡಿದ್ದ. ಹಡಗು ಹತ್ತುವ ಸೈನಿಕರಿಗೆ ಲೈಫ್‌ಬೆಲ್ಟ್ ಕೊಟ್ಟು, ಕಟ್ಟುವುದು ಹೇಗೆಂದು ಹೇಳಿಕೊಡುತ್ತಿದ್ದ. ಹೊರಡುವ ಹಡಗುಗಳನ್ನು ಧಕ್ಕೆಯ ಮೇಲೆ ನಿಂತು ನೋಡಿದ್ದವನು ಈಗ ತಾನೇ ಹೊರಟಿದ್ದ.

1920ರಲ್ಲಿ ಆ ಹಡಗಿನಲ್ಲಿ ಹೊಸದೇನಿತ್ತು?

ಇಂಧನ. ಯುದ್ಧ ಮುಗಿದ ಮೇಲೆ ನಡೆದ ದೊಡ್ಡ ರಿಪೇರಿಯಲ್ಲಿ ಕಲ್ಲಿದ್ದಲ ಬಾಯ್ಲರ್‌ಗಳನ್ನು ಎಣ್ಣೆ ಉರಿಸುವಂತೆ ಬದಲಾಯಿಸಿದರು. 1920ರ ಜೂನ್ ಕೊನೆಯಲ್ಲಿ ಹಡಗು ಪ್ರಯಾಣಿಕರ ಸೇವೆಗೆ ಮರಳಿತು. ಅಂದರೆ ಆರ್ಚಿ ಹತ್ತುವ ಹೊತ್ತಿಗೆ ಹಡಗು ಹೊಸ ರೂಪದಲ್ಲಿ ಓಡಾಡಲು ಶುರುಮಾಡಿ ಒಂದು ತಿಂಗಳೂ ಆಗಿರಲಿಲ್ಲ.

ಇದರಿಂದಾದ ವ್ಯತ್ಯಾಸ ಸಣ್ಣದಲ್ಲ. ಕಲ್ಲಿದ್ದಲು ತುಂಬಲು ದಿನಗಟ್ಟಲೆ ಬೇಕಾಗುತ್ತಿತ್ತು. ಎಣ್ಣೆಗೆ ಐದಾರು ಗಂಟೆ ಸಾಕಾಯಿತು. ಬಾಯ್ಲರ್ ಕೋಣೆಯಲ್ಲಿ ಸುಮಾರು 350 ಆಳುಗಳ ಜಾಗದಲ್ಲಿ 60 ಜನ ಸಾಕಾದರು. ಸಲಿಕೆಯಲ್ಲಿ ಕಲ್ಲಿದ್ದಲು ಎಸೆದು ಬೆಂಕಿ ಕಾಯುವಾಗ ಆಳುಗಳು ದಣಿದಂತೆ ಆವಿಯ ಒತ್ತಡ ಏರಿಳಿಯುತ್ತದೆ. ಎಣ್ಣೆಯ ಬರ್ನರಿನಲ್ಲಿ ಒತ್ತಡ ಒಂದೇ ಸಮ ನಿಲ್ಲುತ್ತದೆ, ಹಾಗಾಗಿ ವೇಗವೂ ಒಂದೇ ಸಮ. ಡೆಕ್ ಮೇಲೆ ಅಡ್ಡಾಡುವವರಿಗೂ ಕಲ್ಲಿದ್ದಲ ಪುಡಿ, ಬೂದಿಯ ಕಾಟ ತಪ್ಪಿತು.

ದಾಟಲು ಎಷ್ಟು ದಿನ? ದಿನಚರಿ ಹೇಗಿರುತ್ತಿತ್ತು?

ಕ್ಯಾಲೆಂಡರಿನಲ್ಲಿ ಬುಧವಾರದಿಂದ ಬುಧವಾರ. ಸೌತಾಂಪ್ಟನ್‌ನಿಂದ ಇಂಗ್ಲಿಷ್ ಕಾಲುವೆ ದಾಟಿ ಫ್ರಾನ್ಸಿನ ಶೆರ್ಬೂರ್‌ನಲ್ಲಿ ಇನ್ನಷ್ಟು ಜನರನ್ನು ಹತ್ತಿಸಿಕೊಂಡು ಪಶ್ಚಿಮಕ್ಕೆ ಹೊರಡುವುದು ಆ ಹಡಗಿನ ಮಾರ್ಗ. ದೂರ ಸುಮಾರು 3,100 ನಾಟಿಕಲ್ ಮೈಲಿ. 21 ನಾಟ್ ವೇಗ, ಅಂದರೆ ಗಂಟೆಗೆ 21 ನಾಟಿಕಲ್ ಮೈಲಿ, ಎಂದರೆ ದಿನಕ್ಕೆ 500ರ ಆಸುಪಾಸು. ಉಳಿದ ಲೆಕ್ಕ ಸುಲಭ.

ಪಶ್ಚಿಮಕ್ಕೆ ಹೋಗುವವರು ಮರೆಯುವ ಒಂದು ವಿಷಯವಿದೆ. ಎರಡು ಊರುಗಳ ನಡುವೆ ಗಡಿಯಾರದಲ್ಲಿ 5 ಗಂಟೆ ಅಂತರ. ವಿಮಾನದಲ್ಲಾದರೆ ಇಳಿದ ಮೇಲೆ ಒಂದೇ ಸಲ ತಿದ್ದಿಕೊಳ್ಳುತ್ತೇವೆ. ಹಡಗಿನಲ್ಲಿ ರಾತ್ರಿ ರಾತ್ರಿ ಗಡಿಯಾರವನ್ನು ಒಂದು ಗಂಟೆಗೆ ತುಸು ಕಡಿಮೆ ಹಿಂದಕ್ಕೆ ತಿರುಗಿಸುತ್ತಾರೆ. ಪ್ರತಿ ದಿನವೂ 24 ಗಂಟೆಗಿಂತ ಉದ್ದ. ಪ್ರಯಾಣಿಕನಿಗೆ ನಿದ್ದೆ ಜಾಸ್ತಿ, ಕೆಲಸದವನಿಗೆ ಪಾಳಿ ಜಾಸ್ತಿ.

ಡಗ್ಲಸ್ ಫೇರ್‌ಬ್ಯಾಂಕ್ಸ್ ಅದೇ ಹಡಗಿನಲ್ಲಿದ್ದರು ಎಂಬುದು ಕಟ್ಟುಕಥೆಯೇ?

ಕಟ್ಟುಕಥೆಯಲ್ಲ. ಮೂಕಿ ಚಿತ್ರಗಳ ತಾರೆಯರಾದ ಫೇರ್‌ಬ್ಯಾಂಕ್ಸ್ ಮತ್ತು ಮೇರಿ ಪಿಕ್‌ಫರ್ಡ್ 1920ರ ಮಾರ್ಚ್ 28ರಂದು ಮದುವೆಯಾಗಿ, ಯೂರೋಪಿಗೆ ಮಧುಚಂದ್ರಕ್ಕೆ ಹೋಗಿದ್ದರು. ಹೋದಲ್ಲೆಲ್ಲ ಜನ ಮುಗಿಬಿದ್ದರು. ಅಮೆರಿಕಕ್ಕೆ ಮರಳಿದ್ದು ಇದೇ ಪಯಣದಲ್ಲಿ. ಆ ಹೊತ್ತಿಗೆ ಜಗತ್ತಿನಲ್ಲಿ ಅವರಿಗಿಂತ ಹೆಸರಾದ ಜೋಡಿ ಇರಲಿಲ್ಲ.

ಡೆಕ್ ಮೇಲೆ ಷಫಲ್‌ಬೋರ್ಡ್ ಆಟ ನಡೆಯುತ್ತಿದ್ದಾಗ ಫೇರ್‌ಬ್ಯಾಂಕ್ಸ್ ಪಕ್ಕದಲ್ಲಿ ನಿಂತು ಫೋಟೊ ತೆಗೆಸಿಕೊಳ್ಳುವ ಅವಕಾಶ ಆರ್ಚಿಗೆ ಸಿಕ್ಕಿತು. ನಾಚಿಕೆಯಲ್ಲಿ ತೊದಲುತ್ತ ತನ್ನ ಅಭಿಮಾನ ಹೇಳಿಕೊಂಡದ್ದನ್ನು ಕ್ಯಾರಿ ಗ್ರ್ಯಾಂಟ್ ಮುಂದೆ ತಾವೇ ಬರೆದಿದ್ದಾರೆ. ಷಫಲ್‌ಬೋರ್ಡ್ ಎಂದರೆ ಉದ್ದ ಕೋಲಿನಿಂದ ಮರದ ಬಿಲ್ಲೆಗಳನ್ನು ನೆಲದ ಮೇಲೆ ಬರೆದ ಅಂಕಣಗಳಿಗೆ ತಳ್ಳುವ ಆಟ. ಹಡಗು ಹೊಯ್ದಾಡಿದರೂ ಬಿಲ್ಲೆ ಚೆಂಡಿನಂತೆ ಉರುಳಿ ಸಮುದ್ರ ಸೇರುವುದಿಲ್ಲ, ಅದಕ್ಕೇ ಹಡಗುಗಳಿಗೆ ಅದು ಒಗ್ಗಿತು.

ಹುಡುಗ ಅವರಲ್ಲಿ ಕಂಡದ್ದೇನು ಎಂಬುದು ಫೋಟೊಗಿಂತ ಮುಖ್ಯ. ಫೇರ್‌ಬ್ಯಾಂಕ್ಸ್ ಸ್ವತಃ ಕಸರತ್ತಿನ ಮನುಷ್ಯ. ತೆರೆಯ ಮೇಲೆ ಹಾರುತ್ತಿದ್ದುದು, ಜಿಗಿಯುತ್ತಿದ್ದುದು ಅವರ ಸ್ವಂತ ಮೈ. ಅಂದರೆ ಆರ್ಚಿ ವಾರಕ್ಕಿಷ್ಟು ಷಿಲಿಂಗ್‌ಗೆ ಮಾಡುತ್ತಿದ್ದ ಕೆಲಸವನ್ನೇ ಮಾಡಿ ಜಗತ್ತಿನ ಅತಿ ದೊಡ್ಡ ನಟ ಎನಿಸಿಕೊಂಡವರು. ಜೊತೆಗೆ ಬಿಸಿಲಲ್ಲಿ ಕಂದಿದ ಮೈಬಣ್ಣ, ಸೌಜನ್ಯದ ನಡವಳಿಕೆ. ಆ ಬಿಸಿಲ ಬಣ್ಣವನ್ನು ಕ್ಯಾರಿ ಗ್ರ್ಯಾಂಟ್ ಬದುಕಿನುದ್ದಕ್ಕೂ ಕಾಪಾಡಿಕೊಂಡರು. ಫೇರ್‌ಬ್ಯಾಂಕ್ಸ್ ಅವರನ್ನು ನೋಡಿ ಬಂದ ಅಭ್ಯಾಸ ಅದು ಎಂದೂ ಹೇಳಿದ್ದಾರೆ. ಒಂದು ವಾರದ ಪಯಣ ಇಷ್ಟನ್ನು ಕೊಟ್ಟಿತು.

16 ವರ್ಷದ ಹುಡುಗನನ್ನು ಅಪ್ಪ ಅಮ್ಮ ಇಲ್ಲದೆ ಅಮೆರಿಕ ಒಳಗೆ ಬಿಟ್ಟದ್ದು ಹೇಗೆ?

ಅತಿ ಹೆಚ್ಚು ತಪ್ಪು ಮಾಹಿತಿ ಓಡಾಡುವುದು ಈ ವಿಷಯದಲ್ಲೇ. ಆಗ ಜಾರಿಯಲ್ಲಿದ್ದದ್ದು 1917ರ ವಲಸೆ ಕಾನೂನು. ಹೆತ್ತವರ ಜೊತೆ ಇಲ್ಲದ, ಹೆತ್ತವರ ಬಳಿಗೂ ಹೋಗದ 16ರೊಳಗಿನ ಮಕ್ಕಳನ್ನು ಅದು ತಡೆಯುತ್ತಿತ್ತು. ಅಧಿಕಾರಿಗಳು ವಿಶೇಷವಾಗಿ ಒಪ್ಪಿದರೆ ಮಾತ್ರ ದಾರಿ. ಆರ್ಚಿಗೆ ಜನವರಿಯಲ್ಲೇ 16 ತುಂಬಿತ್ತು. ಇದೇ ಕ್ಯಾಂಪು ಒಂದು ವರ್ಷ ಮುಂಚೆ ಗೊತ್ತಾಗಿದ್ದರೆ ಅವನ ಹೆಸರು ಆ ತಡೆಯೊಳಗೆ ಬೀಳುತ್ತಿತ್ತು.

16 ದಾಟಿದವರಿಗೆ ಬೇರೆ ಕಟ್ಟಳೆಗಳಿದ್ದವು. ಓದು ಬಲ್ಲರೇ ಎಂಬ ಪರೀಕ್ಷೆ ಅದರಲ್ಲೊಂದು: ಯಾವುದಾದರೂ ಒಂದು ಭಾಷೆಯಲ್ಲಿ ಸ್ಪಷ್ಟವಾಗಿ ಅಚ್ಚಾದ 30ರಿಂದ 40 ಸಾಮಾನ್ಯ ಪದಗಳನ್ನು ಓದಬೇಕು. ತಲೆಗಂದಾಯ 8 ಡಾಲರ್. ಅದನ್ನು ಸರ್ಕಾರಕ್ಕೆ ಕಟ್ಟುವುದು ಹಡಗು ಕಂಪನಿ, ವಸೂಲಾಗುವುದು ಟಿಕೆಟ್ಟಿನಲ್ಲೇ. ಯುದ್ಧಕಾಲದಲ್ಲಿ ಶುರುವಾದ ಪಾಸ್‌ಪೋರ್ಟ್, ವೀಸಾ ನಿಯಮ ಇನ್ನೂ ಎತ್ತಿರಲಿಲ್ಲ.

ಕರಾರು ಕೂಲಿಯ ಮಾತು ಇದಕ್ಕಿಂತ ಸೂಕ್ಷ್ಮ. ಕೆಲಸ ಗೊತ್ತುಮಾಡಿಕೊಂಡು ಬರುವ ಕೂಲಿಗಾರರನ್ನು ಅಮೆರಿಕ ತಡೆಯುತ್ತಿತ್ತು. ‘ನನಗೆ ಅಲ್ಲಿ ಕೆಲಸ ಕಾದಿದೆ’ ಎಂದು ಅಧಿಕಾರಿಯ ಮುಂದೆ ಉತ್ಸಾಹದಿಂದ ಹೇಳಿ ವಾಪಸು ಹೋದವರು ಎಷ್ಟೋ ಜನ. ಆದರೆ ವೃತ್ತಿ ನಟರು, ಕಲಾವಿದರು, ಗಾಯಕರು, ಉಪನ್ಯಾಸಕರಿಗೆ ಆ ಕಾನೂನೇ ವಿನಾಯಿತಿ ಕೊಟ್ಟಿತ್ತು. ಬಡಗಿಯ ಮಗನೊಬ್ಬ ಬಡಗಿ ಕೆಲಸದ ಕರಾರು ಹಿಡಿದು ಬಂದರೆ ತಡೆ, ಲಾಗ ಹಾಕುವ ಕರಾರು ಹಿಡಿದು ಬಂದರೆ ದಾರಿ. ಪೆಂಡರ್ ಹುಡುಗರಿಗೆ ಕಸುಬೇ ಪರವಾನಗಿಯಾಯಿತು.

ದೇಶವಾರು ಕೋಟಾ ಬಂದದ್ದು 1921ರ ಮೇ ತಿಂಗಳಲ್ಲಿ, ಇನ್ನೂ ಬಿಗಿಯಾದದ್ದು 1924ರಲ್ಲಿ. 1920ರ ಜುಲೈ ಎರಡಕ್ಕೂ ಮುಂಚೆ.

ಎಲ್ಲಿಸ್ ಐಲ್ಯಾಂಡ್‌ನಲ್ಲಿ ಎಲ್ಲರೂ ಇಳಿಯಬೇಕಿತ್ತೇ?

ಇಲ್ಲ. ಅದು ನ್ಯೂಯಾರ್ಕ್ ಬಂದರಿನಲ್ಲಿ ವಲಸಿಗರ ತಪಾಸಣೆ ನಡೆಯುತ್ತಿದ್ದ ದ್ವೀಪ. ಹಡಗು ಮೊದಲು ಕ್ವಾರಂಟೈನ್ ವೈದ್ಯರಿಗಾಗಿ ನಿಲ್ಲುತ್ತಿತ್ತು. ಮೊದಲ ಮತ್ತು ಎರಡನೇ ದರ್ಜೆಯವರ ತಪಾಸಣೆ ಹಡಗಿನಲ್ಲೇ ಮುಗಿಯುತ್ತಿತ್ತು, ಅವರು ನೇರವಾಗಿ ಮ್ಯಾನ್‌ಹಟನ್‌ನ ಧಕ್ಕೆಯಲ್ಲಿ ಇಳಿಯುತ್ತಿದ್ದರು. ಒಲಿಂಪಿಕ್‌ನ ಒಡೆತನದ ವೈಟ್ ಸ್ಟಾರ್ ಲೈನ್ ಕಂಪನಿಯ ಹಡಗುಗಳು ನಿಲ್ಲುತ್ತಿದ್ದುದು ಚೆಲ್ಸಿ ಪಿಯರ್ಸ್ ಎಂಬಲ್ಲಿ. ಮೂರನೇ ದರ್ಜೆಯವರನ್ನು ಅಲ್ಲಿಂದ ಸಣ್ಣ ದೋಣಿಯಲ್ಲಿ ಎಲ್ಲಿಸ್ ಐಲ್ಯಾಂಡ್‌ಗೆ ಒಯ್ಯುತ್ತಿದ್ದರು. ಎರಡನೇ ದರ್ಜೆಯವರಲ್ಲೂ ಅನುಮಾನ ಬಂದವರನ್ನು ಅಲ್ಲಿಗೇ ಕಳಿಸುತ್ತಿದ್ದರು. ವೈದ್ಯರು ಹೆಚ್ಚು ಹುಡುಕುತ್ತಿದ್ದ ರೋಗಗಳಲ್ಲಿ ಟ್ರಕೋಮಾ ಎಂಬ ಅಂಟು ಕಣ್ಣುರೋಗ ಒಂದು. ಅದಕ್ಕಾಗಿ ಕಣ್ಣುರೆಪ್ಪೆಯನ್ನು ಮಗುಚಿ ನೋಡುತ್ತಿದ್ದರು. ಆ ಕಾಯಿಲೆ ಕಂಡರೆ ವಾಪಸು ಕಳಿಸುವುದೇ ಸಾಮಾನ್ಯ.

ದಾಖಲೆ ಮಾತ್ರ ಎಲ್ಲ ದರ್ಜೆಯವರದ್ದೂ ಇದೆ. ‘ಎಲ್ಲಿಸ್ ಐಲ್ಯಾಂಡ್ ದಾಖಲೆಯಲ್ಲಿ ಹೆಸರಿದೆ’ ಎಂದರೆ ‘ಆ ದ್ವೀಪದಲ್ಲಿ ಇಳಿದ’ ಎಂದು ಅರ್ಥವಲ್ಲ. ತುಂಬಾ ಜನ ಇಲ್ಲೇ ಎಡವುತ್ತಾರೆ.

ಪ್ರಯಾಣಿಕರ ಪಟ್ಟಿಯಲ್ಲಿ ಅವನ ಹೆಸರು ಹುಡುಕುವುದು ಹೇಗೆ? ಹುಡುಕಿದರೂ ಸಿಗುತ್ತಿಲ್ಲ.

ಎರಡು ಕಡೆಯ ಪಟ್ಟಿಗಳಿವೆ. ಬ್ರಿಟನ್ನಿನಿಂದ ಹೊರಟವರ ಪಟ್ಟಿಗಳು ಲಂಡನ್ ಬಳಿಯ ಕ್ಯೂ ಎಂಬಲ್ಲಿರುವ ನ್ಯಾಷನಲ್ ಆರ್ಕೈವ್ಸ್‌ನಲ್ಲಿ ಬಿಟಿ 27 ಎಂಬ ಸರಣಿಯಲ್ಲಿವೆ. ಅದರಲ್ಲಿ 1890ರಿಂದ 1960ರವರೆಗಿನ ಪಟ್ಟಿಗಳಿವೆ. ನ್ಯೂಯಾರ್ಕ್‌ನಲ್ಲಿ ಇಳಿದವರ ಪಟ್ಟಿಗಳನ್ನು ಸ್ಟ್ಯಾಚ್ಯೂ ಆಫ್ ಲಿಬರ್ಟಿ–ಎಲ್ಲಿಸ್ ಐಲ್ಯಾಂಡ್ ಪ್ರತಿಷ್ಠಾನದ ಜಾಲತಾಣದಲ್ಲಿಯೂ ಫ್ಯಾಮಿಲಿಸರ್ಚ್‌ನಲ್ಲಿಯೂ ಬಿಟ್ಟಿಯಾಗಿ ನೋಡಬಹುದು, ಹೆಸರು ನೋಂದಾಯಿಸಿಕೊಂಡರೆ ಆಯಿತು.

ಸಿಗದಿರಲು ಕಾರಣಗಳು ಹೆಚ್ಚೂಕಡಿಮೆ ಯಾವಾಗಲೂ ಇವೇ. ಕ್ಯಾರಿ ಗ್ರ್ಯಾಂಟ್ ಎಂದು ಹುಡುಕಿದರೆ 1920ರಲ್ಲಿ ಏನೂ ಸಿಗದು, ಆ ಹೆಸರು ಹುಟ್ಟಿದ್ದು 1931ರಲ್ಲಿ. ಆರ್ಚಿಬಾಲ್ಡ್ ಎಂದು ಪೂರ್ತಿ ಕೊಡಬೇಡಿ. ಮೊದಲಕ್ಷರ ಮಾತ್ರ ಕೊಟ್ಟು, ಕುಲನಾಮವನ್ನು ಲೀಚ್‌ನ ಒಂದೆರಡು ಬೇರೆ ಕಾಗುಣಿತಗಳಲ್ಲೂ ಪ್ರಯತ್ನಿಸಿ. ಕೈಬರಹವನ್ನು ಕಂಪ್ಯೂಟರಿಗೆ ಏರಿಸಿದವರು ತಪ್ಪಾಗಿ ಓದಿರುವುದು ಮಾಮೂಲು. ಮಧ್ಯದ ಹೆಸರು ಕೆಲವು ಕಡೆ ಅಲೆಕ್, ಕೆಲವು ಕಡೆ ಅಲೆಕ್ಸಾಂಡರ್ ಎಂದಿದೆ, ಅದನ್ನು ಖಾಲಿ ಬಿಡುವುದೇ ಒಳ್ಳೆಯದು. ಬ್ರಿಟನ್ ಪಟ್ಟಿಗೆ ಹೊರಟ ತಾರೀಖು, ಅಮೆರಿಕದ ಪಟ್ಟಿಗೆ ಇಳಿದ ತಾರೀಖು ಕೊಡಬೇಕು. ಇದನ್ನು ಅದಲುಬದಲು ಮಾಡಿದರೆ ಒಂದು ವಾರದ ವ್ಯತ್ಯಾಸದಲ್ಲಿ ಹಡಗೇ ತಪ್ಪಿಹೋಗುತ್ತದೆ. ತಂಡದ ಮಾಲೀಕರ ಜೊತೆ ಹುಡುಕುವವರು ಗಮನಿಸಿ: ಪೆಂಡರ್ ಎಂಬುದು ರಂಗನಾಮ, ಅವರ ನಿಜವಾದ ಕುಲನಾಮ ಲೋಮಸ್.

ಹೆಸರಿನಿಂದ ಸಿಗದೆ ಹೋದರೆ ಹಡಗಿನಿಂದ ಹೋಗಿ. ಹಡಗಿನ ಹೆಸರು, ಇಳಿದ ದಿನ ಕೊಟ್ಟು ಹಾಳೆ ಹಾಳೆ ತಿರುಗಿಸುವುದು. ಒಂದು ಹಾಳೆಗೆ 30 ಸಾಲು. ಒಟ್ಟಿಗೆ ಟಿಕೆಟ್ ಪಡೆದವರ ಹೆಸರುಗಳು ಸಾಮಾನ್ಯವಾಗಿ ಒಂದರ ಕೆಳಗೊಂದು ಬರುತ್ತವೆ. ಹಾಗಾಗಿ ಹದಿಹರೆಯದ ಹುಡುಗರ ಸಾಲು, ಕಸುಬಿನ ಕಾಲಮ್ಮಿನಲ್ಲಿ ರಂಗದ ಕೆಲಸ ಕಂಡಲ್ಲಿ ನಿಲ್ಲಿ.

ಇನ್ನೊಂದು ಮಾತು ಮರೆಯಬಾರದು. ಆ ಕಾಲದ ಪಟ್ಟಿ ಎಡ ಬಲ ಎರಡು ಪುಟಗಳದ್ದು. ಎಡಪುಟದಲ್ಲಿ ಹೆಸರು, ವಯಸ್ಸು, ಕಸುಬು, ಊರು. ಬಲಪುಟದಲ್ಲಿ ಟಿಕೆಟ್ಟಿಗೆ ದುಡ್ಡು ಕೊಟ್ಟವರು ಯಾರು, ಕೈಯಲ್ಲಿ 50 ಡಾಲರ್ ಇದೆಯೇ, ಮುಂಚೆ ಬಂದಿದ್ದರೇ, ಯಾರ ಬಳಿಗೆ ಹೋಗುತ್ತಿದ್ದಾರೆ, ಎತ್ತರ, ಕಣ್ಣಿನ ಬಣ್ಣ, ಹುಟ್ಟಿದ ಊರು. ಜಾಲತಾಣದಲ್ಲಿ ಬಲಪುಟ ಮುಂದಿನ ಚಿತ್ರವಾಗಿ ಬರುತ್ತದೆ. ಎಡಪುಟ ಇಳಿಸಿಕೊಂಡು ಅಲ್ಲಿಗೇ ಮುಗಿಸಿದವರು ಅರ್ಧ ಮನುಷ್ಯನನ್ನು ಮಾತ್ರ ಕಂಡಂತೆ. ಸಾಲಿನ ನಂಬರು ಹಿಡಿದು ಎರಡನ್ನೂ ಜೋಡಿಸಿ ಓದಿ.

ಇದು ಒಲಿಂಪಿಕ್ ಫೋಟೊ ಎಂದು ಹಂಚುವ ಚಿತ್ರ ಟೈಟಾನಿಕ್‌ನದ್ದೇ ಎಂದು ಪತ್ತೆ ಮಾಡುವುದು ಹೇಗೆ?

ದೋಣಿಗಳ ಸಾಲಿನ ಕೆಳಗಿನ ಎ ಡೆಕ್ ನೋಡಿ. ಒಲಿಂಪಿಕ್‌ನಲ್ಲಿ ಅದು ಉದ್ದಕ್ಕೂ ತೆರೆದ ಜಗುಲಿಯಂತೆ. ಟೈಟಾನಿಕ್‌ನಲ್ಲಿ ಅದರ ಮುಂಭಾಗದ ಅರ್ಧಕ್ಕೆ ಕಿಟಕಿ ಹಾಕಿ ಮುಚ್ಚಿದ್ದಾರೆ. ಮೇಲಿನ ಡೆಕ್ಕಿನ ಉದ್ದಕ್ಕೂ ದೋಣಿಗಳು ಬಿಡುವಿಲ್ಲದೆ ತುಂಬಿದ್ದರೆ ಅದು 1912ರ ನಂತರದ ಒಲಿಂಪಿಕ್.

ಇಳಿದ ಮೇಲೆ ಏನಾಯಿತು?

ತಂಡವನ್ನು ಕರೆಸಿದ್ದು ನಿರ್ಮಾಪಕ ಚಾರ್ಲ್ಸ್ ಡಿಲ್ಲಿಂಗಮ್. ಮೊದಲು ಗೊತ್ತಾಗಿದ್ದು ಗ್ಲೋಬ್ ಥಿಯೇಟರ್. ಅದು ಬದಲಾಗಿ, ತಂಡ ಹೋದದ್ದು ಸಿಕ್ಸ್ತ್ ಅವೆನ್ಯೂನಲ್ಲಿ 43 ಮತ್ತು 44ನೇ ಬೀದಿಗಳ ನಡುವಿನ ನ್ಯೂಯಾರ್ಕ್ ಹಿಪ್ಪೊಡ್ರೋಮ್‌ಗೆ. 5,000ಕ್ಕೂ ಹೆಚ್ಚು ಆಸನಗಳು, ರಂಗದ ಅಡಿಯಿಂದ ಮೇಲೇಳುವ ನೀರಿನ ತೊಟ್ಟಿ, ಆನೆಗಳು. ಜಾದೂಗಾರ ಹೌಡಿನಿ 1918ರಲ್ಲಿ ಆನೆಯನ್ನು ಮಾಯ ಮಾಡಿದ್ದು ಇದೇ ರಂಗದ ಮೇಲೆ.

ಮೈಕ್ ಇಲ್ಲದ ಕಾಲದಲ್ಲಿ ಅಷ್ಟು ದೊಡ್ಡ ಸಭಾಂಗಣದ ಕೊನೇ ಸಾಲಿಗೆ ಮಾತು ಮುಟ್ಟುವುದಿಲ್ಲ. ಅಲ್ಲಿಗೆ ಬೇಕಿದ್ದದ್ದು ದೂರದಿಂದಲೂ ಕಾಣುವ ಆಟ. ಇಂಗ್ಲೆಂಡಿನ ಉಚ್ಚಾರದ ಹುಡುಗರನ್ನು ಸಾಗರ ದಾಟಿಸಿ ಕರೆಸುವುದರಲ್ಲಿ ಅರ್ಥವಿದ್ದದ್ದು ಆ ಕಾರಣಕ್ಕೆ: ಮರಗಾಲಿಗೂ ಲಾಗಕ್ಕೂ ಉಚ್ಚಾರವಿಲ್ಲ.

‘ಗುಡ್ ಟೈಮ್ಸ್’ ಎಂಬ ಆ ಪ್ರದರ್ಶನ ಶುರುವಾದದ್ದು ಆಗಸ್ಟ್ 9ರಂದು, ಅಂದರೆ ಹಡಗಿಳಿದ 12ನೇ ದಿನಕ್ಕೆ. 1921ರ ಏಪ್ರಿಲ್ 30ರವರೆಗೆ 456 ಆಟ ನಡೆಯಿತು. 38 ವಾರ, ವಾರಕ್ಕೆ 12, ದಿನಕ್ಕೆರಡು. ಹುಡುಗರ ಬಿಡಾರ ಏಯ್ತ್ ಅವೆನ್ಯೂ ಬಳಿಯ ಒಂದು ಉದ್ದನೆಯ ಮನೆಯಲ್ಲಿ. ಅಡುಗೆ, ಪಾತ್ರೆ, ಬಟ್ಟೆ ಎಲ್ಲ ಅವರವರ ಪಾಳಿಯಲ್ಲಿ, ಪೆಂಡರ್ ದಂಪತಿಗಳ ಕಣ್ಗಾವಲಿನಲ್ಲಿ.

ಹಾಗಾದರೆ ಅವನು ವಲಸೆ ಹೋದದ್ದು 1920ರಲ್ಲೇ ಅಲ್ಲವೇ?

ಕಾಗದದಲ್ಲಿ ಹೌದು. ನಮ್ಮ ಅಭಿಪ್ರಾಯದಲ್ಲಿ ನಿಜವಾದ ವರ್ಷ 1922. ಹಿಪ್ಪೊಡ್ರೋಮ್ ಆಟ ಮುಗಿದ ಮೇಲೆ ತಂಡ ವಾಡೆವಿಲ್ ಎಂಬ ವಿವಿಧ ವಿನೋದಾವಳಿಯ ರಂಗಗಳಲ್ಲಿ ಊರೂರು ತಿರುಗಿತು. 1922ರಲ್ಲಿ ಪೆಂಡರ್ ಇಂಗ್ಲೆಂಡಿಗೆ ಮರಳಿದರು. ಆರ್ಚಿ, ಇನ್ನು ಕೆಲವರು ಮರಳಲಿಲ್ಲ. ಕರಾರಿನ 18 ವರ್ಷದ ಗಡುವೂ ಅದೇ ವರ್ಷದ ಜನವರಿಯಲ್ಲಿ ತುಂಬಿತ್ತು. ಅವನನ್ನು ಕಟ್ಟಿಹಾಕುವ ಕಾಗದವೂ ಇರಲಿಲ್ಲ, ಕಾಪಾಡುವ ಕಾಗದವೂ ಇರಲಿಲ್ಲ. ಬಿಟ್ಟಿ ಊಟ ವಸತಿ ಅಲ್ಲಿಗೆ ಮುಗಿಯಿತು.

ಆ ಬೇಸಿಗೆಯಲ್ಲಿ ಹೊಟ್ಟೆ ತುಂಬಿಸಿದ್ದು ಮತ್ತೆ ಮರಗಾಲೇ. ಕೋನಿ ಐಲ್ಯಾಂಡಿನ ಸ್ಟೀಪಲ್‌ಚೇಸ್ ಪಾರ್ಕಿನ ಜಾಹೀರಾತು ಹೊತ್ತು ಬೀದಿಯಲ್ಲಿ ನಡೆಯುವ ಕೆಲಸ. ದಿನಕ್ಕೆ 5 ಡಾಲರ್, ಶನಿವಾರ ಭಾನುವಾರ 10. ಆರಡಿ ಎತ್ತರದ ಕೋಲುಗಳ ಮೇಲೆ, ಅದಕ್ಕೆಂದೇ ಹೊಲಿಸಿದ ಕೊಳವೆಯಂಥ ಉದ್ದ ಪ್ಯಾಂಟು. ರಂಗದ ಮೇಲಾದರೆ ನೆಲ ಸಮ, ಜನ ದೂರ. ಇಲ್ಲಿ ಬೀದಿ ಹುಡುಗರು ಹಿಂದಿನಿಂದ ಬಂದು ಊರುಗೋಲಿನ ಕೊಕ್ಕೆಯಿಂದ ಮರಗಾಲು ಎಳೆಯುತ್ತಿದ್ದರು. ನಿಲ್ಲದೆ ಹೆಜ್ಜೆ ಹಾಕುತ್ತಲೇ ಇರಬೇಕಾದವನ ಒಂದು ಕೋಲು ಸಿಕ್ಕಿಬಿದ್ದರೆ ಉಳಿಯುವುದು ಬೀಳುವ ವಿದ್ಯೆಯೊಂದೇ. ಸಿನಿಮಾ ಒಪ್ಪಂದ ಸಿಗಲು ಇನ್ನೂ ಒಂಬತ್ತು ವರ್ಷವಿತ್ತು.

ಹೆಸರು ಬದಲಾದದ್ದು ಹಡಗಿಳಿಯುವಾಗ ಅಧಿಕಾರಿಗಳಿಂದಲೇ?

ಅಲ್ಲ. ಅಧಿಕಾರಿಗಳು ಹೆಸರು ಬರೆಯುತ್ತಿರಲಿಲ್ಲ, ಹಡಗು ಕಂಪನಿ ಬರೆದು ತಂದ ಪಟ್ಟಿಗೆ ಆಳನ್ನು ತಾಳೆ ನೋಡುತ್ತಿದ್ದರು. ಹೆಸರು ಬಂದದ್ದು 1931ರಲ್ಲಿ ಪ್ಯಾರಾಮೌಂಟ್ ಸಿನಿಮಾ ಕಂಪನಿಯ ಒಪ್ಪಂದದ ಜೊತೆ. ‘ಕ್ಯಾರಿ’ ಎಂಬುದು ಅದೇ ವರ್ಷ ಬ್ರಾಡ್‌ವೇ ನಾಟಕವೊಂದರಲ್ಲಿ ಅವನು ಮಾಡಿದ ಪಾತ್ರದ ಹೆಸರು. ಕಾನೂನಿನ ಪ್ರಕಾರ ಬದಲಾದದ್ದು 1942ರ ಜೂನ್ 26ರಂದು, ಅಮೆರಿಕದ ಪೌರತ್ವ ಪಡೆದ ದಿನವೇ. ಹಡಗಿಳಿದ ಮೇಲಿನ ಆ 22 ವರ್ಷ ಅವರು ಬ್ರಿಟಿಷ್ ಪ್ರಜೆಯಾಗಿಯೇ ಇದ್ದರು.

1920ರಲ್ಲಿ ಮೈಸೂರಿನ ಹುಡುಗನೊಬ್ಬ ಹೀಗೆ ಹೋಗಬಹುದಿತ್ತೇ?

ಹೋಗಿ ನೆಲೆಸುವುದು ಆಗುತ್ತಿರಲಿಲ್ಲ. ಆರ್ಚಿಗೆ ಬಾಗಿಲು ತೆರೆದ ಅದೇ 1917ರ ಕಾನೂನು ಏಷ್ಯಾದ ಬಹುಭಾಗವನ್ನು ನಿಷೇಧಿತ ವಲಯವೆಂದು ಗೆರೆ ಎಳೆದಿತ್ತು, ಭಾರತ ಅದರೊಳಗಿತ್ತು. ವಿದ್ಯಾರ್ಥಿ, ವರ್ತಕ, ಉಪಾಧ್ಯಾಯ, ಪ್ರವಾಸಿ ಮುಂತಾದ ಕೆಲವರಿಗೆ ಮಾತ್ರ ವಿನಾಯಿತಿ. 1923ರಲ್ಲಿ ಭಗತ್ ಸಿಂಗ್ ಥಿಂಡ್ ಮೊಕದ್ದಮೆಯಲ್ಲಿ ಭಾರತೀಯರು ಪೌರತ್ವಕ್ಕೆ ಅರ್ಹರಲ್ಲವೆಂದು ಅಮೆರಿಕದ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. 1946ರಲ್ಲಿ ಕಾನೂನು ಸಡಿಲವಾದಾಗಲೂ ಸಿಕ್ಕ ಕೋಟಾ ವರ್ಷಕ್ಕೆ 100 ಜನ. ಇಬ್ಬರು ಹುಡುಗರೂ ಒಂದೇ ಸಾಮ್ರಾಜ್ಯದ ನೆರಳಿನವರು, ಆದರೆ ಹಡಗಿನ ಹಲಗೆ ಒಬ್ಬನಿಗೆ ಮಾತ್ರ.

ಮೈಸೂರು ಸೀಮೆಯ ಒಬ್ಬ ಹುಡುಗ ಬೇರೆ ದಾರಿಯಲ್ಲಿ ಹಾಲಿವುಡ್ ಸೇರಿದ. ಕಾರಾಪುರದ ಮಾವುತನ ಮಗ ಸಾಬು 1924ರಲ್ಲಿ ಹುಟ್ಟಿದವನು. ಮೈಸೂರಿನಲ್ಲಿ ‘ಎಲಿಫೆಂಟ್ ಬಾಯ್’ ಚಿತ್ರೀಕರಣಕ್ಕೆ ಬಂದ ತಂಡ ಅವನನ್ನು ಆರಿಸಿ 1936ರಲ್ಲಿ ಅಣ್ಣನ ಜೊತೆ ಇಂಗ್ಲೆಂಡಿಗೆ ಕರೆದೊಯ್ದಿತು. ಯುದ್ಧ ಶುರುವಾಗಿ ನಿರ್ಮಾಪಕ ಅಲೆಕ್ಸಾಂಡರ್ ಕೋರ್ಡಾ ಕೆಲಸವನ್ನು ಹಾಲಿವುಡ್‌ಗೆ ಸಾಗಿಸಿದಾಗ ಸಾಬು ಅಲ್ಲಿಗೆ ಹೋದ. 1944ರಲ್ಲಿ ಪೌರತ್ವ ಪಡೆದ, ಅಮೆರಿಕದ ವಾಯುಪಡೆಯಲ್ಲೂ ಕೆಲಸ ಮಾಡಿದ. ಆರ್ಚಿಗೆ ಲಾಗ ಹಾಕುವ ಕಸುಬು ಕೊಟ್ಟ ದಾರಿಯನ್ನು ಸಾಬುಗೆ ಆನೆಯ ಮೇಲೆ ಕೂರುವ ಕಸುಬು ಕೊಟ್ಟಿತು.

ಈಗ ನೋಡಲು ಏನಾದರೂ ಉಳಿದಿದೆಯೇ?

ನ್ಯೂಯಾರ್ಕ್ ಹಿಪ್ಪೊಡ್ರೋಮ್ ಅನ್ನು 1939ರಲ್ಲಿ ಕೆಡವಿದರು. ಬ್ರಿಸ್ಟಲ್‌ನ ಮಿಲೆನಿಯಂ ಸ್ಕ್ವೇರ್‌ನಲ್ಲಿ ಕ್ಯಾರಿ ಗ್ರ್ಯಾಂಟ್ ಅವರ ಕಂಚಿನ ಪ್ರತಿಮೆ 2001ರಿಂದ ಇದೆ. ಅವನಿಗೆ ರಂಗದ ಹುಚ್ಚು ಹಿಡಿಸಿದ ಬ್ರಿಸ್ಟಲ್ ಹಿಪ್ಪೊಡ್ರೋಮ್ ಇಂದಿಗೂ ಆಟ ನಡೆಸುತ್ತಿದೆ.

ಒಲಿಂಪಿಕ್ 1935ರಲ್ಲಿ ಸೇವೆ ನಿಲ್ಲಿಸಿ ಜಾರೋ ಎಂಬಲ್ಲಿ ಗುಜರಿಗೆ ಹೋಯಿತು. ಒಳಗಿನ ಮರಗೆಲಸವನ್ನು ಬಿಚ್ಚಿ ಮಾರಿದರು. ಅದರಲ್ಲಿ ಒಂದಷ್ಟು ಇಂಗ್ಲೆಂಡಿನ ಆನಿಕ್ ಊರಿನ ವೈಟ್ ಸ್ವಾನ್ ಹೋಟೆಲಿನ ಊಟದ ಕೋಣೆಯ ಗೋಡೆಗಳ ಮೇಲಿದೆ. 1920ರ ಆ ವಾರ ಸಾಗರ ದಾಟಿದ ಮರವೇ ಅದು. ಹೋಗಿ ಕೂತು ಊಟ ಮಾಡಬಹುದು.